ಟೈಮಿಂಗ್ ಬೆಲ್ಟ್‌ಗೆ ಜಾಯಿಂಟೇ ಇಲ್ಲವಲ್ಲ, ಮಾಡೋದು ಹೇಗೆ?

ಹನ್ನೆರಡರ_ಪಾನಾ

ಕಾರಿನ ಟೈಮಿಂಗ್ ಬೆಲ್ಟನ್ನು (ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್‌ನಿಂದ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನು ತಿರುಗಿಸುವ ಹಲ್ಲಿನ ಬೆಲ್ಟ್) ಎಷ್ಟು ತಿರುಗಿಸಿ ನೋಡಿದರೂ ಬೆನ್ನಿನ ಕಡೆ ಒಂದು ಜಾಯಿಂಟ್ ಕಾಣಲ್ಲ. ಕನ್ವೇಯರ್ ಬೆಲ್ಟ್ ಥರ ಉದ್ದಕ್ಕೆ ಮಾಡಿ ತುದಿ ಅಂಟಿಸಿದ್ದಲ್ಲ ಅನ್ನೋದು ಗೊತ್ತಾಗುತ್ತೆ. ಹಾಗಾದರೆ ಒಂದೊಂದನ್ನೂ ಅಚ್ಚಿನಲ್ಲಿ ಹುಯ್ಯುತ್ತಾರಾ? ಹುಯ್ದರೆ ಒಳಗಿನ ದಾರ ಅಷ್ಟು ಸಾಲಾಗಿ, ಸರಿಯಾಗಿ ಹಲ್ಲಿನ ಬುಡದಲ್ಲೇ ಹೇಗೆ ಕೂರುತ್ತೆ? ಹಲ್ಲಿನ ಮೇಲಿರೋ ಬಟ್ಟೆ ಒಂದು ಸುಕ್ಕೂ ಇಲ್ಲದೆ ಹೇಗೆ ಅಂಟಿಕೊಳ್ಳುತ್ತೆ?

ಇನ್ನೊಂದು ವಿಷಯ. ಹೊಸ ಬೆಲ್ಟ್ ಮಡಿಸಬೇಡಿ, ಒಳಮೈ ಹೊರಕ್ಕೆ ತಿರುಗಿಸಬೇಡಿ ಅಂತ ಎಲ್ಲರೂ ಹೇಳ್ತಾರೆ. ರಬ್ಬರ್ ತಾನೇ, ಮಡಿಸಿದರೆ ಏನಾಗುತ್ತೆ? ತಯಾರಿಕೆ ಗೊತ್ತಿರೋರು ಬಿಡಿಸಿ ಹೇಳಿ.

ರಬ್ಬರ್_ಹದ

ಹುಯ್ಯೋದೂ ಇಲ್ಲ, ಅಂಟಿಸೋದೂ ಇಲ್ಲ. ಸುತ್ತಿ, ಬೇಯಿಸಿ, ಆಮೇಲೆ ಬಾಳೆದಿಂಡು ಬಿಲ್ಲೆ ಮಾಡಿದ ಹಾಗೆ ಕೊಯ್ಯೋದು. ಒಂದು ಸಲಕ್ಕೆ ಒಂದು ಬೆಲ್ಟ್ ಹುಟ್ಟಲ್ಲ, ಹಲ್ಲು ಒಳಗಡೆ ಇರುವ ಒಂದು ಅಗಲವಾದ ರಬ್ಬರ್ ಕೊಳವೆ ಹುಟ್ಟುತ್ತೆ. ಅದಕ್ಕೆ ಸ್ಲೀವ್ ಅಂತಾರೆ. ಅರ್ಧ ಮೀಟರ್ ಅಗಲದ ಸ್ಲೀವ್ ಆದರೆ ಎರಡು ಅಂಚು ತೆಗೆದುಹಾಕಿ 25 ಮಿ.ಮೀ. ಅಗಲದ 18 ಬೆಲ್ಟ್ ಸಿಗುತ್ತೆ.

ನೀವು ಕೇಳಿದ ಮೂರೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ, ಅಚ್ಚಿನ ಮೇಲೆ ಸಾಮಾನು ಹಾಕುವ ಕ್ರಮದಲ್ಲಿ. ಅಚ್ಚು ಅಂದರೆ ಒಂದು ಲೋಹದ ಡ್ರಮ್. ಅದರ ಹೊರಮೈಯಲ್ಲಿ ಉದ್ದುದ್ದ ಗಾಡಿ (ತೋಡು, ಗ್ರೂವ್) ಕೊರೆದಿರುತ್ತೆ, ಬೆಲ್ಟ್‌ಗೆ ಎಷ್ಟು ಹಲ್ಲೋ ಅಷ್ಟು. ಮೊದಲು ನೈಲಾನ್ ಬಟ್ಟೆಯನ್ನು ಕೊಳವೆಯಾಗಿ ಹೊಲಿದು, ದಿಂಬಿಗೆ ಗವಸು ಹಾಕಿದ ಹಾಗೆ ಡ್ರಮ್ಮಿಗೆ ತೊಡಿಸ್ತಾರೆ. ಅದರ ಮೇಲೆ ಗ್ಲಾಸ್ ಫೈಬರ್ ದಾರವನ್ನು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಬಿಗಿಯಾಗಿ, ಒಂದೇ ಎಳೆತದಲ್ಲಿ ಸುರುಳಿ ಸುತ್ತುತ್ತಾರೆ. ಅದರ ಮೇಲೆ ಹಸಿ ರಬ್ಬರ್ ಶೀಟ್. ಇಷ್ಟೇ.

ಗಮನಿಸಿ, ಇಲ್ಲಿವರೆಗೆ ಹಲ್ಲೇ ಇಲ್ಲ. ಬಟ್ಟೆ ಗಾಡಿಗಳ ಬಾಯಿ ಮೇಲೆ ಚಪ್ಪಟೆಯಾಗಿ ಮಲಗಿದೆ. ಹಲ್ಲಾಗಬೇಕಾದ ರಬ್ಬರ್ ದಾರದ ಆಚೆ ಕಡೆ, ಹೊರಗಿದೆ.

ಈಗ ಇದರ ಮೇಲೊಂದು ದಪ್ಪ ರಬ್ಬರ್ ಚೀಲ ಹೊದಿಸಿ ಆಟೋಕ್ಲೇವ್ (ಪ್ರೆಶರ್ ಕುಕ್ಕರ್ ಥರದ ದೊಡ್ಡ ಪಾತ್ರೆ) ಒಳಗೆ ಇಳಿಸ್ತಾರೆ. ಡ್ರಮ್ ಒಳಗಿಂದ ಆವಿಯ ಬಿಸಿ, ಚೀಲದ ಹೊರಗಿಂದ ಆವಿಯ ಒತ್ತಡ. ಒತ್ತಡ ಸುಮಾರು 10 ರಿಂದ 20 ಬಾರ್, ಶಾಖ 150 ರಿಂದ 170 ಡಿಗ್ರಿ. ಹಸಿ ರಬ್ಬರ್ ಮೆತ್ತಗಾಗಿ, ಶಾವಿಗೆ ಒರಳಲ್ಲಿ ಹಿಟ್ಟು ಇಳಿದ ಹಾಗೆ ದಾರ-ದಾರದ ನಡುವಿನ ಸಂದಿಯಿಂದ ಒಳಗೆ ಇಳಿಯುತ್ತೆ. ಇಳಿಯುತ್ತಾ ಬಟ್ಟೆಯನ್ನು ತನ್ನ ಮುಂದೆ ತಳ್ಳಿಕೊಂಡು ಗಾಡಿಯ ತಳಕ್ಕೆ ಒತ್ತುತ್ತೆ. ಅದೇ ಹಲ್ಲು. ದಾರ ಬಿಗಿಯಾಗಿರೋದರಿಂದ ಇಳಿಯದೆ ಗಾಡಿಗಳ ದಿಣ್ಣೆ ಮೇಲೇ ಉಳಿಯುತ್ತೆ. ಅದಕ್ಕೇ ದಾರ ಕರಾರುವಾಕ್ಕಾಗಿ ಹಲ್ಲಿನ ಬುಡದಲ್ಲಿರೋದು, ಯಾರೂ ಅಲ್ಲಿ ಕೂರಿಸಿದ್ದಲ್ಲ.

ಹಲ್ಲನ್ನು ಮೊದಲೇ ಬೇರೆಯಾಗಿ ಅಚ್ಚೊತ್ತಿ, ಅದರ ಮೇಲೆ ದಾರ ಸುತ್ತುವ ಇನ್ನೊಂದು ಪದ್ಧತಿಯೂ ಇದೆ. ರಬ್ಬರ್ ತುಂಬಾ ಗಟ್ಟಿ, ಸಂದಿಯಲ್ಲಿ ಇಳಿಯಲ್ಲ ಅಂದಾಗ, ಅಥವಾ ಹಲ್ಲಿಗೆ ಒಂದು ರಬ್ಬರ್, ಬೆನ್ನಿಗೆ ಇನ್ನೊಂದು ಬೇಕು ಅಂದಾಗ ಆ ದಾರಿ ಹಿಡೀತಾರೆ. ಕೆಲಸ ಜಾಸ್ತಿ.

ರಬ್ಬರ್ ವಿಷಯ. ಮೊದಲು ಕ್ಲೋರೋಪ್ರೀನ್ ಅನ್ನೋ ಕೃತಕ ರಬ್ಬರ್ ಇತ್ತು. ಬಾನೆಟ್ ಒಳಗಿನ ಬಿಸಿ ಹೆಚ್ಚಾದ ಹಾಗೆ ಅದು ಬೇಗ ಗಡಸಾಗಿ ಬಿರುಕು ಬಿಡೋದು. 1980ರ ದಶಕದಲ್ಲಿ ಎಚ್‌ಎನ್‌ಬಿಆರ್ ಬಂದ ಮೇಲೆ ಪರಿಸ್ಥಿತಿ ಬದಲಾಯ್ತು. ಆಯಿಲ್ ಸೀಲ್‌ಗೆ ಬಳಸುವ ನೈಟ್ರೈಲ್ ರಬ್ಬರ್ ಗೊತ್ತಲ್ಲ, ಅದರ ಸರಪಳಿಯಲ್ಲಿರುವ ಡಬಲ್ ಬಾಂಡ್‌ಗಳಿಗೆ ಹೈಡ್ರೋಜನ್ ತುಂಬಿದರೆ ಎಚ್‌ಎನ್‌ಬಿಆರ್. ಶಾಖವೂ ಓಜೋನೂ ಬಂದು ಹಿಡಿಯೋದು ಆ ಡಬಲ್ ಬಾಂಡನ್ನೇ, ಅದು ಇಲ್ಲದಿದ್ದರೆ ಹಿಡಿಯಲು ಜಾಗ ಇಲ್ಲ.

100 ಭಾಗ ರಬ್ಬರ್‌ಗೆ 40-60 ಭಾಗ ಕಾರ್ಬನ್ ಬ್ಲ್ಯಾಕ್, 5ರ ಆಸುಪಾಸು ಜಿಂಕ್ ಆಕ್ಸೈಡ್, ಒಂದಿಷ್ಟು ಪ್ಲಾಸ್ಟಿಸೈಸರ್, ಆಂಟಿಆಕ್ಸಿಡೆಂಟ್, ಕೊನೆಗೆ ರಬ್ಬರನ್ನು ಬೇಯಿಸಿ ಗಟ್ಟಿ ಮಾಡುವ ಗಂಧಕ ಇಲ್ಲವೇ ಪೆರಾಕ್ಸೈಡ್. ಕೊನೆಯದನ್ನು ಮೊದಲೇ ಹಾಕೋ ಹಾಗಿಲ್ಲ. ಮೊದಲ ಮಿಕ್ಸಿಂಗ್‌ನಲ್ಲಿ ಶಾಖ 140-150 ಡಿಗ್ರಿಗೆ ಏರುತ್ತೆ, ಅಲ್ಲೇ ಬೆಂದುಬಿಡುತ್ತೆ. ಆರಿಸಿ, ಎರಡನೇ ಸುತ್ತಿನಲ್ಲಿ 110 ದಾಟದ ಹಾಗೆ ನೋಡಿಕೊಂಡು ಸೇರಿಸಬೇಕು.

ಅತಿ ಸಾಮಾನ್ಯ ರಿಜೆಕ್ಷನ್ ಬರೋದು ಇಲ್ಲೇ. ಹೀಗೆ ಬೆರೆಸಿದ ರಬ್ಬರ್ (ಕಾಂಪೌಂಡ್) ಗೋಡೌನಿನಲ್ಲಿ ಬಹಳ ದಿನ ಕೂತು ಸ್ವಲ್ಪ ಸ್ಕಾರ್ಚ್ ಆಗಿದ್ದರೆ, ಅಂದರೆ ಮೊದಲೇ ಅರೆಬರೆ ಬೆಂದಿದ್ದರೆ, ಗಾಡಿಯ ತಳ ಮುಟ್ಟುವ ಮುಂಚೆಯೇ ಗಟ್ಟಿಯಾಗಲು ಶುರುವಾಗುತ್ತೆ. ಆಗ ಹಲ್ಲಿನ ಮೂಲೆ ಮೊಂಡಾಗುತ್ತೆ. ಉಲ್ಟಾ ಕೇಸೂ ಇದೆ: ರಬ್ಬರ್ ಅತಿ ನೀರಾದರೆ ಬಟ್ಟೆಯ ನೇಯ್ಗೆ ತೂರಿಕೊಂಡು ಹಲ್ಲಿನ ಮುಖಕ್ಕೆ ಬರುತ್ತೆ. ಪುಲ್ಲಿಗೆ ತಾಗಬೇಕಾದ್ದು ಬಟ್ಟೆ, ಬರೀ ರಬ್ಬರ್ ತಾಗಿದರೆ ಉಜ್ಜಿ ಸದ್ದು ಮಾಡುತ್ತೆ.

ಹುರಿ_ಲೆಕ್ಕ

ಮೇಲಿನವರು ಗ್ಲಾಸ್ ದಾರವನ್ನು ಒಂದೇ ಸಾಲಲ್ಲಿ ಮುಗಿಸಿದ್ದಾರೆ. ನನ್ನ ಪ್ರಕಾರ ಬೆಲ್ಟ್ ಅಂದರೆ ದಾರವೇ. ರಬ್ಬರ್ ಅದನ್ನು ಹಿಡಿದುಕೊಂಡಿರೋದು ಅಷ್ಟೇ. ಉದ್ದ ಬದಲಾಗದೆ ಇರೋದು, ಎಳೆತ ತಡೆಯೋದು ಎರಡೂ ದಾರದ ಕೆಲಸ.

ಹಳೇ ಬೆಲ್ಟಿನ ಅಂಚು ನೋಡಿ, ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ದಾರ ಕಾಣುತ್ತೆ. ಬಹಳ ಕಾಲದಿಂದ ಬಳಕೆಯಲ್ಲಿರುವ ಒಂದು ದಾರದ ಲೆಕ್ಕ ಕೊಡ್ತೀನಿ: ಇಸಿಜಿ 150, 3/13. ಇದರಲ್ಲಿ ಒಂದೊಂದು ಗಾಜಿನೆಳೆ 9 ಮೈಕ್ರಾನ್. ಅಂಥ 200 ಎಳೆ ಸೇರಿ ಒಂದು ನೂಲು. ಮೂರು ನೂಲು ಸೇರಿಸಿ ಆರ್‌ಎಫ್‌ಎಲ್‌ನಲ್ಲಿ ಅದ್ದಿ ಒಣಗಿಸಿ, ಒಂದು ದಿಕ್ಕಿಗೆ ಹೊಸೀತಾರೆ. ಹಾಗೆ ಹೊಸೆದ 13 ಎಳೆಗಳನ್ನು ಒಟ್ಟು ಸೇರಿಸಿ ಎದುರು ದಿಕ್ಕಿಗೆ ಹುರಿ ಮಾಡ್ತಾರೆ. 200 × 3 × 13, ಒಟ್ಟು 7800 ಎಳೆ, ಅಷ್ಟು ಸಣ್ಣ ದಾರದೊಳಗೆ. ಎರಡೂ ಸಲದ ಹೊಸೆತ ಅಂಗುಲಕ್ಕೆ ಎರಡು ಸುತ್ತಿನ ಆಸುಪಾಸು.

ಆರ್‌ಎಫ್‌ಎಲ್ ಅಂದರೆ ರಿಸಾರ್ಸಿನಾಲ್-ಫಾರ್ಮಾಲ್ಡಿಹೈಡ್ ರಾಳ ಮತ್ತು ಲ್ಯಾಟೆಕ್ಸ್ ನೀರಲ್ಲಿ ಬೆರೆಸಿದ ದ್ರಾವಣ. ಟೈರ್ ಒಳಗಿನ ದಾರಕ್ಕೂ ಇದನ್ನೇ ಬಳಸೋದು. ಆದರೆ ಟೈರಿನಲ್ಲಿ ಅದು ಹೊರಗಿನ ಅಂಟು ಮಾತ್ರ, ಇಲ್ಲಿ ಒಳಗೂ ಬೇಕು. ಗಾಜಿಗೆ ಗಾಜು ಉಜ್ಜಿದರೆ ಗೀರು ಬೀಳುತ್ತೆ, ಗೀರು ಬಿದ್ದ ಗಾಜು ಮುರಿಯುತ್ತೆ, ಬಳೆ ಅಂಗಡಿಯವರನ್ನು ಕೇಳಿ. ಅದಕ್ಕೇ ಪ್ರತಿ ಎಳೆಯ ಸುತ್ತಲೂ ಈ ಪದರ ನುಗ್ಗಿರಬೇಕು. ಒಣಗಿದ ಮೇಲೆ ದಾರದ ತೂಕದಲ್ಲಿ 15-20% ಈ ಅಂಟೇ ಇರುತ್ತೆ. ಅದರ ಮೇಲೆ ಎಚ್‌ಎನ್‌ಬಿಆರ್‌ಗೆ ಹೊಂದುವ ಇನ್ನೊಂದು ಅಂಟಿನ ಲೇಪ, ಯಾಕಂದರೆ ಆರ್‌ಎಫ್‌ಎಲ್ ನೇರವಾಗಿ ಎಚ್‌ಎನ್‌ಬಿಆರ್‌ಗೆ ಸರಿಯಾಗಿ ಹಿಡಿಯಲ್ಲ.

ಈಗ ಮಡಿಸುವ ಪ್ರಶ್ನೆ. ಗಾಜಿನೆಳೆ ನೂರಕ್ಕೆ ನಾಲ್ಕು-ಐದು ಭಾಗ ಹಿಗ್ಗುವಷ್ಟರಲ್ಲಿ ಮುರಿಯುತ್ತೆ, ರಬ್ಬರ್ ನೂರಕ್ಕೆ ನೂರು ಹಿಗ್ಗಿದರೂ ವಾಪಸ್ ಬರುತ್ತೆ. ನೀವು ಬೆಲ್ಟ್ ಮಡಿಸಿದಾಗ ರಬ್ಬರ್ ಮೊದಲಿನ ರೂಪಕ್ಕೆ ಬಂದು ಕೂರುತ್ತೆ, ಕಣ್ಣಿಗೆ ಏನೂ ಕಾಣಲ್ಲ. ಒಳಗೆ ಆ ಗೆರೆಯಲ್ಲಿ 7800ರಲ್ಲಿ ಒಂದಷ್ಟು ಸಾವಿರ ಎಳೆ ಮುರಿದಿರುತ್ತೆ. ಉಳಿದವು ಭಾರ ಹೊತ್ತು ಓಡುತ್ತವೆ, ಒಂದು ದಿನ ಅವೂ ಹೋಗ್ತವೆ. ಕೈಯಲ್ಲಿ ಹಿಡಿದಾಗ ಕ್ರ್ಯಾಂಕ್ ಪುಲ್ಲಿಗಿಂತ ಸಣ್ಣ ಸುತ್ತಿಗೆ ಯಾವತ್ತೂ ಬಗ್ಗಿಸಬೇಡಿ. ಕೇಬಲ್ ಟೈ ಹಾಕಿ ಬಿಗಿಯಾಗಿ ಕಟ್ಟೋದು, ಟೂಲ್ ಬಾಕ್ಸ್ ಸಂದಿಗೆ ತುರುಕೋದು, ಸ್ಕ್ರೂಡ್ರೈವರ್‌ನಿಂದ ಮೀಟಿ ಪುಲ್ಲಿಗೆ ಏರಿಸೋದು, ಎಲ್ಲ ಇದೇ ಲೆಕ್ಕಕ್ಕೆ ಬರುತ್ತೆ.

ಗಾಜಿಗೆ ಇನ್ನೊಂದು ಶತ್ರು ನೀರು. ತೇವ ಒಳಹೊಕ್ಕರೆ ಎಳೆಯ ಬಲ ಇಳಿಯುತ್ತೆ. ವಾಟರ್ ಪಂಪ್‌ನಿಂದ ಕೂಲೆಂಟ್ ಒಸರಿ ಬೆಲ್ಟ್ ಮೇಲೆ ಬಿದ್ದಿದ್ದರೆ, ಒರೆಸಿ ಮತ್ತೆ ಅದನ್ನೇ ಹಾಕಬೇಡಿ.

ಹನ್ನೆರಡರ_ಪಾನಾ

ಇಬ್ಬರಿಗೂ ಧನ್ಯವಾದ ಸರ್. ದಾರ ಸುರುಳಿ ಸುತ್ತಿದ್ದು ಅಂದರೆ ಅದು ಓರೆಯಾಗಿರಬೇಕಲ್ಲ? ಓರೆ ಇದ್ದರೆ ಬೆಲ್ಟ್ ಪುಲ್ಲಿ ಮೇಲೆ ಒಂದು ಕಡೆಗೆ ಸರಿಯಲ್ವಾ? ಮತ್ತೆ ಹೊಸ ಬೆಲ್ಟಿನ ಅಂಚಿನಲ್ಲೇ ಒಮ್ಮೊಮ್ಮೆ ದಾರದ ಕುಚ್ಚು ಆಚೆ ಬಂದಿರುತ್ತೆ, ಅದು ಡಿಫೆಕ್ಟಾ?

ಅಚ್ಚುಕಟ್ಟು

ಓರೆ ಇದ್ದೇ ಇದೆ, ಆದರೆ ಬಹಳ ಕಡಿಮೆ. ಒಂದು ಬೆಲ್ಟ್ 8 ಮಿ.ಮೀ. ಪಿಚ್ (ಹಲ್ಲಿನಿಂದ ಹಲ್ಲಿಗೆ ಇರುವ ದೂರ), 100 ಹಲ್ಲು ಅಂತಿಟ್ಟುಕೊಳ್ಳಿ. ಉದ್ದ 800 ಮಿ.ಮೀ. ದಾರಗಳನ್ನು ಎರಡೆರಡಾಗಿ ಒಟ್ಟಿಗೆ ಸುತ್ತುತ್ತಾರೆ, ಒಂದು ಎಡಹುರಿ, ಪಕ್ಕದ್ದು ಬಲಹುರಿ. ದಾರದಿಂದ ದಾರಕ್ಕೆ 1.4 ಮಿ.ಮೀ. ಇದ್ದರೆ ಒಂದು ಸುತ್ತಿಗೆ ಜೋಡಿ 2.8 ಮಿ.ಮೀ. ಮುಂದೆ ಹೋಗುತ್ತೆ. 800ಕ್ಕೆ 2.8, ಅಂದರೆ ಡಿಗ್ರಿಯ ಐದನೇ ಒಂದು ಭಾಗ. ಇಷ್ಟು ಓರೆಗಿಂತ ಬೆಲ್ಟನ್ನು ಪಕ್ಕಕ್ಕೆ ಎಳೆಯೋದು ಹುರಿಯ ದಿಕ್ಕು. ಎಳೆದಾಗ ಹುರಿ ಬಿಚ್ಚಿಕೊಳ್ಳಲು ನೋಡುತ್ತೆ, ಎಲ್ಲ ಒಂದೇ ಹುರಿಯಾದರೆ ಬೆಲ್ಟ್ ಒಂದೇ ಕಡೆ ನಡೆಯುತ್ತೆ. ಎಡ-ಬಲ ಜೋಡಿ ಹಾಕಿದರೆ ಒಂದರ ಹಟವನ್ನು ಇನ್ನೊಂದು ಮುರಿಯುತ್ತೆ. ಆದರೂ ಸ್ವಲ್ಪ ಸರಿದೇ ಸರಿಯುತ್ತೆ, ಅದಕ್ಕೇ ಯಾವುದಾದರೂ ಒಂದು ಪುಲ್ಲಿಗೆ ಕಾಲರ್ (ಬೆಲ್ಟ್ ಜಾರದಂತೆ ಅಂಚಿನ ತಡೆ) ಇಟ್ಟಿರೋದು.

ಕುಚ್ಚಿಗೂ ಇದೇ ಕಾರಣ. ಸ್ಲೀವನ್ನು ನೇರವಾಗಿ ಕೊಯ್ತೀವಿ, ದಾರ ಮಾತ್ರ ಓರೆ. ಬ್ಲೇಡ್ ಎಲ್ಲೋ ಒಂದು ಕಡೆ ದಾರವನ್ನು ದಾಟಲೇಬೇಕು. ಮೇಲಿನ ಲೆಕ್ಕದಲ್ಲೇ 1.1 ಮಿ.ಮೀ. ದಪ್ಪದ ದಾರವನ್ನು ಪೂರ್ತಿ ದಾಟಲು ಬ್ಲೇಡಿಗೆ ಅಂಚಿನುದ್ದಕ್ಕೆ ಸುಮಾರು 300 ಮಿ.ಮೀ. ಬೇಕು. ಅಂದರೆ ಗಣಪತಿ ಹಬ್ಬದ ಕಬ್ಬು ಸೀಳಿದ ಹಾಗೆ ದಾರ ಅಷ್ಟುದ್ದ ಸೀಳಿಹೋಗುತ್ತೆ. ಬ್ಲೇಡ್ ಹರಿತ ಇದ್ದು ಅಂಟು ಚೆನ್ನಾಗಿ ನುಗ್ಗಿದ್ದರೆ ಸೀಳಿದ ಮುಖ ನುಣ್ಣಗಿರುತ್ತೆ. ಬ್ಲೇಡ್ ಮೊಂಡಾಗಿದ್ದರೆ ಅಥವಾ ಅಂಟು ಮೇಲ್ಮೈಗೆ ಮಾತ್ರ ಹಿಡಿದಿದ್ದರೆ ಎಳೆ ಬಿಚ್ಚಿ ಕುಚ್ಚಾಗುತ್ತೆ.

ಅಚ್ಚಿನ ಅಳತೆ ಬಗ್ಗೆ ಯಾರೂ ಹೇಳಿಲ್ಲ. ಬೆಲ್ಟಿನ ನಿಜವಾದ ಉದ್ದ ಅಳೆಯೋದು ದಾರದ ನಡುಗೆರೆಯಲ್ಲಿ. ಹಲ್ಲುಗಳ ನಡುವಿನ ತಗ್ಗಿನಿಂದ ಆ ಗೆರೆಗೆ 8 ಮಿ.ಮೀ. ಪಿಚ್‌ನ ಎಚ್‌ಟಿಡಿ (ದುಂಡು ಹಲ್ಲಿನ ಒಂದು ನಮೂನೆ) ಬೆಲ್ಟಿನಲ್ಲಿ 0.686 ಮಿ.ಮೀ. ಬಟ್ಟೆಯ ದಪ್ಪ ಮತ್ತು ದಾರದ ಅರ್ಧ ದಪ್ಪ ಸೇರಿ ಅದಾಗುತ್ತೆ. 800 ಮಿ.ಮೀ. ಸುತ್ತಳತೆಗೆ ವ್ಯಾಸ 254.65. ಎರಡೂ ಕಡೆ 0.686 ಕಳೆದರೆ ಡ್ರಮ್ಮಿನ ಹೊರವ್ಯಾಸ 253.28 ಮಿ.ಮೀ. ಸುತ್ತಿದ ಬಿಗಿ ಸಡಿಲಿಸಿದಾಗ, ಆರಿದಾಗ ಎಷ್ಟು ಕುಗ್ಗುತ್ತೆ ಅಂತ ನೋಡಿ ಅದರ ಮೇಲೆ ತಿದ್ದುಪಡಿ. ಈಗ ಯೋಚಿಸಿ, ಬಟ್ಟೆ ಸಪ್ಲೈ ಮಾಡೋರು 0.05 ಮಿ.ಮೀ. ಹೆಚ್ಚು ದಪ್ಪದ ಬಟ್ಟೆ ಕೊಟ್ಟರೆ ಸುತ್ತಳತೆ 2π × 0.05, ಅಂದರೆ 0.3 ಮಿ.ಮೀ. ಹೆಚ್ಚಾಯ್ತು. ಅಚ್ಚಿನದ್ದು ತಪ್ಪಿಲ್ಲ, ದಾರದ್ದು ತಪ್ಪಿಲ್ಲ, ಲಾಟ್ ಪೂರ್ತಿ ಉದ್ದ. ಹಲ್ಲಿನ ಸಂಖ್ಯೆ ಒಂದು ಬದಲಾದರೂ ಹೊಸ ಡ್ರಮ್ ಬೇಕು, ಅದಕ್ಕೇ ಕಡಿಮೆ ಓಡುವ ಮಾಡೆಲ್‌ಗಳ ಬೆಲ್ಟಿಗೆ ರೇಟು ಜಾಸ್ತಿ.

ಬಟ್ಟೆ ಸುಕ್ಕಾಗದಿರೋದಕ್ಕೆ ಉತ್ತರ: ಅದು ಹಿಗ್ಗುವ ಬಟ್ಟೆ. ಬೆಲ್ಟಿನ ಉದ್ದಕ್ಕೆ ಬರುವ ನೈಲಾನ್ 66 ನೂಲನ್ನು ಸ್ಪ್ರಿಂಗ್ ಥರ ಗುಂಗುರು ಮಾಡಿ ನೇಯ್ದಿರುತ್ತೆ, ಅಡ್ಡಕ್ಕೆ ಸಾಧಾರಣ ನೂಲು. 8 ಮಿ.ಮೀ. ಪಿಚ್‌ನಲ್ಲಿ ಹಲ್ಲಿನ ಎತ್ತರ ಸುಮಾರು 3.4. ಹಲ್ಲಿನ ಮೇಲೆ ಏರಿ ಇಳಿಯಲು ಬಟ್ಟೆ ಹೆಚ್ಚುಕಡಿಮೆ 12 ಮಿ.ಮೀ. ಆಗಬೇಕು, ಅಂದರೆ ಒಂದೂವರೆ ಪಟ್ಟು. ಹಿಗ್ಗು ಸಾಲದಿದ್ದರೆ ಹಲ್ಲಿನ ಮೂಲೆ ತುಂಬಲ್ಲ, ಇಲ್ಲವೇ ಬುಡದಲ್ಲಿ ಬಟ್ಟೆ ಹರಿಯುತ್ತೆ. ಬುಡದಲ್ಲಿ ಹರಿದ ಬಟ್ಟೆಯ ಬೆಲ್ಟ್ ಹೊರಗೆ ಹೋಗಬಾರದು, ಹಲ್ಲು ಕೀಳೋದು ಅಲ್ಲಿಂದಲೇ. ಜಾಯಿಂಟ್ ಎಲ್ಲಿ ಅಂತ ಕೇಳಿದ್ರಲ್ಲ, ಇಡೀ ಬೆಲ್ಟಿನಲ್ಲಿ ಹೊಲಿಗೆ ಇರೋದು ಈ ಬಟ್ಟೆಗೆ ಮಾತ್ರ. ಹಲ್ಲಿನ ಕಡೆ ಬೆಳಕಿಗೆ ಹಿಡಿದು ನೋಡಿದರೆ ಒಂದು ಕಡೆ ಸಿಕ್ಕೀತು.

ಬೆಂದ ಮೇಲೆ ಆರಿಸಿ, ಸ್ಲೀವನ್ನು ಉದ್ದಕ್ಕೆ ಎಳೆದು ಡ್ರಮ್ಮಿನಿಂದ ಬಿಚ್ಚೋದು, ಬೆನ್ನನ್ನು ಗ್ರೈಂಡಿಂಗ್ ಮಾಡಿ ದಪ್ಪ ಸಮ ಮಾಡೋದು, ನಂಬರ್ ಪ್ರಿಂಟ್ ಹಾಕೋದು, ಕೊಯ್ಯೋದು. ಬೆನ್ನಿನಲ್ಲಿ ಸಣ್ಣ ಗೀರಿನ ಸಾಲು ಕಾಣುತ್ತಲ್ಲ, ಅದು ಗ್ರೈಂಡಿಂಗ್ ಗುರುತು. ಆಮೇಲೆ ಎರಡು ಪುಲ್ಲಿಗೆ ಹಾಕಿ, ಗೊತ್ತಾದ ಭಾರ ಕೊಟ್ಟು ತಿರುಗಿಸಿ, ಪುಲ್ಲಿಗಳ ನಡುವಿನ ದೂರ ಅಳೀತಾರೆ. ಟೇಪಿನಲ್ಲಿ ಬೆಲ್ಟ್ ಅಳೆಯೋದು ಕೆಲಸಕ್ಕೆ ಬಾರದ ಮಾತು.

ಕೊಪ್ಪಿಕರ್_ರೋಡ್

ಅಲ್ರೀ, ತಯಾರಿಕಿ ಎಲ್ಲಾ ಛಲೋ ಹೇಳೀರಿ, ಹರಿದ ಬೆಲ್ಟ್ ನೋಡಿ ಕಾರಣ ಹೆಂಗ ಹಿಡಿಯೋದು ಅನ್ನೋದೂ ಇರ್ಲಿ.

ಬ್ಲೇಡಿನಿಂದ ಕೊಯ್ದಂಗ ಅಡ್ಡಕ್ಕ ನೆಟ್ಟಗ ಹರಿದಿದ್ರ, ಹಾಕೂ ಮುಂದ ಯಾರೋ ಮಡಿಚ್ಯಾರ. ಮ್ಯಾಲೆ ಹೇಳಿದ 7800 ಎಳಿ ಕಥಿ ಅದ. ಗಿಂಜಿ ಗಿಂಜಿ ಹರಿದಿದ್ರ ಒಳಗ ಕಲ್ಲೋ ಬೋಲ್ಟೋ ಸಿಕ್ಕೇತಿ, ಕವರ್ ನೋಡ್ರಿ. ಸಾಲಾಗಿ ಐದಾರು ಹಲ್ಲ ಕಿತ್ತು ಬರೇ ಬೆನ್ನ ಉಳಿದಿದ್ರ ಬೆಲ್ಟಿಗೆ ಬೈಬ್ಯಾಡ್ರಿ, ವಾಟರ್ ಪಂಪ್ ಇಲ್ಲಾ ಕ್ಯಾಮ್ ಜಾಮ್ ಆಗಿರತೈತಿ: ಮುಂದ ಹೋಗಾಕ ಆಗಂಗಿಲ್ಲ, ಕ್ರ್ಯಾಂಕ್ ಬಿಡಂಗಿಲ್ಲ. ಅಂಚು ಸವೆದಿದ್ರ ಐಡ್ಲರ್ (ಬೆಲ್ಟಿಗೆ ದಾರಿ ಹಿಡಿಸೂ ಪುಲ್ಲಿ) ಬೇರಿಂಗ್ ಅಲುಗ್ಯಾಡಿಸಿ ನೋಡ್ರಿ. ಹಲ್ಲಿನ ನಡುವಿನ ತಗ್ಗಿನ್ಯಾಗ ಬಟ್ಟಿ ಸವೆದು ದಾರ ಕಂಡ್ರ ಟೆನ್ಶನ್ ಜಾಸ್ತಿ ಆಗೇತಿ ಅಂತ ಅರ್ಥ. ಎಂಜಿನ್ ಕಾಯ್ದಾಗ ಅಲ್ಯುಮಿನಿಯಂ ಹಿಗ್ಗತೈತಿ, ಗಾಜಿನ ದಾರ ಅಷ್ಟ ಹಿಗ್ಗಂಗಿಲ್ಲ. ತಣ್ಣಗಿದ್ದಾಗ ಬಿಗಿ ಇದ್ದದ್ದು ಕಾಯ್ದ ಮ್ಯಾಲೆ ಇನ್ನೂ ಬಿಗಿ ಆಗತೈತಿ. ಅದಕ್ಕ ಟೆನ್ಶನ್ ಸೆಟ್ ಮಾಡೂದು ತಣ್ಣನ ಎಂಜಿನ್ ಮ್ಯಾಲೆ.

ಇನ್ನೊಂದು ಮಾತು. ಬೆನ್ನಿನ್ಯಾಗ ಬಿರುಕು ಬಂದಿಲ್ಲ ಅಂತ ಹಳೇ ಬೆಲ್ಟನ್ನ ಮುಂದುವರಿಸಬ್ಯಾಡ್ರಿ. ಬಿರುಕು ನೋಡಿ ಹೇಳೂದು ಕ್ಲೋರೋಪ್ರೀನ್ ಕಾಲದ ರೂಢಿ. ಎಚ್‌ಎನ್‌ಬಿಆರ್ ಬೆನ್ನು ಹೊಸದರಂಗ ಕಾಣತೈತಿ, ಒಳಗ ದಾರ ಮುಗಿದಿರತೈತಿ. ಕಿಲೋಮೀಟರ್ ಮತ್ತ ವರ್ಷ, ಯಾವುದು ಮೊದಲು ಬರತೈತಿ ಅದರ ಪ್ರಕಾರ ಬದಲಿ ಮಾಡೂದು, ಜೋಡಿ ಟೆನ್ಶನರ್ (ಬೆಲ್ಟ್ ಬಿಗಿ ಹಿಡಿಯೂ ಪುಲ್ಲಿ), ಐಡ್ಲರ್‌ನೂ. ಬೆಲ್ಟ್ ಹರಿದಾಗ ವಾಲ್ವಿಗೆ ಪಿಸ್ಟನ್ ಬಡಿಯೂ ಎಂಜಿನ್ ಇದ್ರ ಉಳಿಸಿದ್ದು ಸಾವಿರದಾಗ, ಕಳಕೊಳ್ಳೂದು ಹೆಡ್ ಪೂರಾ.

ರಬ್ಬರ್_ಹದ

ಕೊಪ್ಪಿಕರ್ ರೋಡಿನವರ ಬಿರುಕಿನ ಮಾತಿಗೆ ನನ್ನದೂ ಒಂದು ವೋಟು.

ಆಯಿಲ್ ವಿಷಯ ಬಿಟ್ಟುಹೋಯ್ತು. ಕ್ಯಾಮ್ ಸೀಲ್ ಒಸರಿ ಬೆಲ್ಟಿಗೆ ಆಯಿಲ್ ತಾಗಿದರೆ ರಬ್ಬರ್ ಊದುತ್ತೆ, ಬಟ್ಟೆ-ರಬ್ಬರ್ ನಡುವಿನ ಅಂಟು ಸಡಿಲವಾಗುತ್ತೆ, ಹಲ್ಲಿನ ಬುಡ ಮೊದಲು ಹೋಗುತ್ತೆ. ಹಾಗಾದರೆ ಆಯಿಲ್‌ನಲ್ಲೇ ಮುಳುಗಿ ಓಡುವ ಬೆಲ್ಟ್ ಹೇಗೆ ಬದುಕುತ್ತೆ ಅಂತ ಕೇಳ್ತೀರಿ. 2012ರಲ್ಲಿ ಬಂದ ಫೋರ್ಡ್ 1.0 ಇಕೋಬೂಸ್ಟ್ ಅಂಥದ್ದು, ನಮ್ಮಲ್ಲಿ ಇಕೋಸ್ಪೋರ್ಟ್‌ನಲ್ಲಿ ಇತ್ತು. ಅದಕ್ಕೆ ಕಾಂಪೌಂಡ್, ಬಟ್ಟೆಯ ಲೇಪ ಎಲ್ಲ ಬೇರೆ. ಅಂಥ ಬೆಲ್ಟಿಗೆ ಆಯಿಲ್‌ಗಿಂತ ತೊಂದರೆ ಆಯಿಲ್ ಜೊತೆ ಬೆರೆತ ಪೆಟ್ರೋಲ್‌ನಿಂದ. ಎಂಜಿನ್ ಕಾಯುವ ಮುಂಚೆಯೇ ಆಫ್ ಮಾಡುವ ಸಣ್ಣ ಓಡಾಟದಲ್ಲಿ ಪೆಟ್ರೋಲ್ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತೆ, ಬೆಲ್ಟ್ ಊದುತ್ತೆ, ಉದುರಿದ ಚೂರು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತೆ. ಕಂಪನಿ ಹೇಳಿದ ಗ್ರೇಡಿನ ಆಯಿಲ್ ಬಿಟ್ಟು ಬೇರೆ ಹಾಕಬಾರದು ಅನ್ನೋದು ಅಲ್ಲಿ ಸುಮ್ಮನೆ ಹೇಳುವ ಮಾತಲ್ಲ.

ಅಂದಹಾಗೆ ಕಾರುಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಟೈಮಿಂಗ್ ಬೆಲ್ಟ್ ಮೊದಲು ಬಂದದ್ದು 1962ರಲ್ಲಿ, ಜರ್ಮನಿಯ ಗ್ಲಾಸ್ 1004ರಲ್ಲಿ. ಗ್ಲಾಸ್ ಅನ್ನೋದು ಕಂಪನಿಯ ಹೆಸರು, ಒಳಗಿನ ಗಾಜಿಗೂ ಅದಕ್ಕೂ ಸಂಬಂಧ ಇಲ್ಲ!

ಹನ್ನೆರಡರ_ಪಾನಾ

ಹೊಸ ಬೆಲ್ಟ್ ಕೈಗೆ ಬಂದಾಗ ಒಳ್ಳೇದೋ ಕಳಪೆಯೋ ಅಂತ ನೋಡೋಕೆ ಏನಾದರೂ ಇದೆಯಾ? ಮತ್ತೆ ಆ ಕುಚ್ಚು ಇದ್ದರೆ ವಾಪಸ್ ಕೊಡಬೇಕಾ?

ಅಚ್ಚುಕಟ್ಟು

ಕಣ್ಣಲ್ಲಿ ಎಲ್ಲ ಗೊತ್ತಾಗಲ್ಲ. ಅಂಟು, ಕಾಂಪೌಂಡ್, ಬೆಂದ ಹದ ಇವು ಯಾವುವೂ ಹೊರಗೆ ಕಾಣಲ್ಲ. ಕಾಣುವ ಮಟ್ಟಿಗೆ ಹೇಳ್ತೀನಿ: ಹಲ್ಲಿನ ಮೂಲೆಗಳು ಎಲ್ಲ ಕಡೆ ಒಂದೇ ಥರ ತುಂಬಿರಬೇಕು. ಹಲ್ಲಿನ ಮುಖದ ಬಟ್ಟೆಯ ಮೇಲೆ ರಬ್ಬರ್ ತೇಪೆ ಇರಬಾರದು. ಅಂಚಿನಲ್ಲಿ ದಾರಗಳು ಒಂದೇ ಮಟ್ಟದಲ್ಲಿ ಸಾಲಾಗಿರಬೇಕು. ಅಲೆ ಅಲೆಯಾಗಿದ್ದರೆ ಸುತ್ತುವಾಗ ಎಳೆತ ತಪ್ಪಿದೆ, ಅಂಥದ್ದು ಬೇಡ. ದಪ್ಪವನ್ನು ನಾಲ್ಕು ಕಡೆ ಕ್ಯಾಲಿಪರ್‌ನಲ್ಲಿ ಹಿಡಿದು ನೋಡಿ, ಗ್ರೈಂಡಿಂಗ್ ಸರಿ ಇದ್ದರೆ ವ್ಯತ್ಯಾಸ ಕೈಗೆ ಸಿಗಲ್ಲ. ಪ್ರಿಂಟು ಉಗುರಲ್ಲಿ ಕೆರೆದರೆ ಬರುವಂತಿದ್ದರೆ, ಬ್ಯಾಚ್ ನಂಬರೇ ಇಲ್ಲದಿದ್ದರೆ ಅಂಗಡಿಯವರಿಗೇ ಇಟ್ಟುಕೊಳ್ಳಿ ಅನ್ನಿ. ಡಬ್ಬವನ್ನು ಬಿಸಿಲಿಗೆ, ವೆಲ್ಡಿಂಗ್ ಸೆಟ್ ಪಕ್ಕ ಇಡಬೇಡಿ, ಮೊಳೆಗೆ ತೂಗುಹಾಕಲೂ ಬೇಡಿ. ಮೊಳೆ ತಾಗಿದ ಕಡೆ ಬಾಗು ಎಷ್ಟು ಸಣ್ಣದು ಅಂತ ಯೋಚಿಸಿ.

ಕುಚ್ಚು ಒಂದೆರಡು ಸೆಂಟಿಮೀಟರ್ ಇದ್ದರೆ ತೊಂದರೆ ಇಲ್ಲ. ಎಳೀಬೇಡಿ ಮಾತ್ರ, ಎಳೆದರೆ ಆ ಸೀಳಿದ 300 ಮಿ.ಮೀ. ಪೂರ್ತಿ ಬಿಚ್ಚಿಕೊಂಡು ಬರುತ್ತೆ. ಹರಿತವಾದ ಕತ್ತರಿಯಲ್ಲಿ ಅಂಚಿಗೆ ಸಮನಾಗಿ ಕತ್ತರಿಸಿ, ಹಾಕಿ. ದಾರವೇ ರಬ್ಬರ್‌ನಿಂದ ಬಿಟ್ಟು ಉಂಗುರದ ಹಾಗೆ ಎದ್ದಿದ್ದರೆ ವಾಪಸ್ ಕೊಡಿ.